ಅಪ್ಪನ ಜನತಾ ಗಡಿಯಾರ

ಕೈಗಡಿಯಾರ ಕೆಟ್ಟುಹೋಗುವುದು ಸಂಸಾರದಲ್ಲಿ ದೊಡ್ಡ ಸಂಗತಿಯೇನೂ ಅಲ್ಲ. ಹಾಲು ಉಕ್ಕಿಹೋದರೆ ಮನೆಯಲ್ಲಿ ಏಳುವ ಗದ್ದಲ ಕೂಡ ಅದಕ್ಕೆ ಏಳುವುದಿಲ್ಲ. ಅದರಲ್ಲಿಯೂ ಎಲ್ಲರ ಜೇಬಿನಲ್ಲಿ ಮೊಬೈಲು ಇರುವ ಈ ದಿನಗಳಲ್ಲಿ, ಗಡಿಯಾರ ನಿಂತಿತೆಂದು ಊಟ ಬಿಟ್ಟವನು ನಗೆಪಾಟಲಿಗೆ ಗುರಿಯಾಗದೆ ಇರಲಾರ. ಕಳೆದ ವರ್ಷ ನಾನು ಹಾಗೆ ಒಂದು ಹೊತ್ತಿನ ಊಟ ಬಿಟ್ಟೆ. ನಿಂತದ್ದು ನಮ್ಮ ತಂದೆಯವರ ಗಡಿಯಾರ, ನಿಲ್ಲಿಸಿದವನು ನಾನು.

ನಮ್ಮ ತಂದೆಯವರು ಔರಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಾಸ್ತರರಾಗಿದ್ದರು. ಅವರ ಎಡಗೈಯಲ್ಲಿ ಎಚ್.ಎಂ.ಟಿ. ಜನತಾ ಗಡಿಯಾರವಿರುತ್ತಿತ್ತು: ಬಿಳಿಯ ಮುಖ, ಕರಿಯ ಅಂಕಿ, ಚರ್ಮದ ಪಟ್ಟಿ. ದಿನವೂ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಅಂಗಿ ತೊಡುವ ಮೊದಲು ಅದಕ್ಕೆ ಚಾವಿ ಕೊಡುವರು. ಶಾಲೆಯ ಗಂಟೆಯನ್ನು ಬಾರಿಸುತ್ತಿದ್ದುದು ಅದನ್ನು ನೋಡಿಯೇ. ಮಕ್ಕಳಾದ ನಮಗೆ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ. ಭಾನುವಾರ ಮಾತ್ರ ಕಿವಿಯಿಟ್ಟು ಕೇಳಬಹುದಾಗಿತ್ತು.

ನಮ್ಮ ತಾಯಿಗೆ ಗಡಿಯಾರ ನೋಡಲು ಬರುವುದಿಲ್ಲ. ಮುಳ್ಳುಗಳ ಲೆಕ್ಕ ಆಕೆಗೆ ಎಂದೂ ಹಿಡಿಸಲಿಲ್ಲ. ಆದರೆ ಆ ಗಡಿಯಾರದ ಸದ್ದು ಮಾತ್ರ ಆಕೆಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಅದು ರಾತ್ರಿಯೆಲ್ಲ ದಿಂಬಿನ ಪಕ್ಕದಲ್ಲಿ ನಡೆದಿತ್ತು. ತಂದೆಯವರು ತೀರಿಕೊಂಡ ಮೇಲೆ ತಾಯಿ ಭಾಲ್ಕಿಯಲ್ಲಿ ಅಣ್ಣನ ಮನೆ ಸೇರಿದಳು. ಹೊರಡುವ ದಿನ ಗಡಿಯಾರವನ್ನು ನನ್ನ ಕೈಗಿಟ್ಟು, “ದಿನಾ ಚಾವಿ ಕೊಡು ತಮ್ಮಾ, ನಿಂದರಗೊಡಬ್ಯಾಡ” ಎಂದಳು. ಬೇರೆ ಮಾತಾಡಲಿಲ್ಲ.

ಎರಡು ವರ್ಷ ನಿಂದಿರಗೊಡಲಿಲ್ಲ. ಒಂದು ಬೆಳಿಗ್ಗೆ ಕಾಲೇಜಿಗೆ ಹೊರಡುವ ಅವಸರದಲ್ಲಿ ಒದ್ದೆಯ ಕೈಯಿಂದ ಅದನ್ನು ತೆಗೆದುಕೊಳ್ಳಲು ಹೋದೆ. ಜಾರಿ ಕಲ್ಲುನೆಲದ ಮೇಲೆ ಬಿತ್ತು. ಗಾಜು ಒಡೆಯಲಿಲ್ಲ. ಕಿವಿಗೆ ಹಿಡಿದರೆ ಸದ್ದಿಲ್ಲ.

ಬೀದರಿನ ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಂಗಡಿಯವನು ಮುಚ್ಚಳವನ್ನೂ ತೆರೆಯದೆ, “ಇದರ ಸಾಮಾನು ಈಗ ಸಿಗೂದಿಲ್ಲರಿ. ಒಳಗಿನ ಮಶಿನ್ ತಗದು ಬ್ಯಾಟರೀದು ಹಾಕ್ತೀನಿ. ಮ್ಯಾಲಿನ ಮುಖ ಇದೇ ಇರ್ತದ. ಯಾರಿಗೂ ಗೊತ್ತಾಗೂದಿಲ್ಲ” ಎಂದ. ಖರ್ಚು ಕಡಿಮೆ, ದಿನವೂ ಚಾವಿ ಕೊಡುವ ಕಾಟವೂ ಇಲ್ಲ. ನಾನು ಒಪ್ಪುವವನಿದ್ದೆ. “ಯಾರಿಗೂ ಗೊತ್ತಾಗೂದಿಲ್ಲ” ಎಂಬ ಮಾತು ಅಡ್ಡ ಬಂತು. ಬ್ಯಾಟರಿಯ ಗಡಿಯಾರ ಸೆಕೆಂಡಿಗೆ ಒಮ್ಮೆ ಟಿಕ್ಕೆನ್ನುತ್ತದೆ; ಜನತಾ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ಮುಖ ನೋಡುವವರನ್ನು ಮೋಸಗೊಳಿಸಬಹುದು. ಕಿವಿಯಿಟ್ಟು ಕೇಳುವ ತಾಯಿಯನ್ನು ಮೋಸಗೊಳಿಸುವುದು ಹೇಗೆ? ಗಡಿಯಾರವನ್ನು ಹಿಂದಕ್ಕೆ ಪಡೆದು ಜೇಬಿಗೆ ಹಾಕಿಕೊಂಡೆ.

ಆ ವಾರವೇ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗಬೇಕಾಯಿತು. ಬಿಡುವಿನ ದಿನ ಜಾಲಹಳ್ಳಿಯ ಎಚ್.ಎಂ.ಟಿ. ಪರಂಪರೆಯ ವಸ್ತುಸಂಗ್ರಹಾಲಯಕ್ಕೆ ಹೋದೆ. ನನ್ನೊಡನೆ ತಂಗಿದ್ದ ಚಿತ್ರಕಲೆಯ ಅಧ್ಯಾಪಕ ಮಿತ್ರರೂ ಬಂದರು. 1953ರಲ್ಲಿ ಯಂತ್ರಗಳನ್ನು ಮಾಡುವುದಕ್ಕಾಗಿ ಹುಟ್ಟಿದ ಸಂಸ್ಥೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಜನತಾ, ಜವಾನ್, ಪೈಲಟ್, ಸೋನಾ, ಕಾಂಚನ – ಒಂದೊಂದು ಹೆಸರೂ ಯಾರದೋ ಮದುವೆಯ ಉಡುಗೊರೆ, ಯಾರದೋ ಮೊದಲ ಸಂಬಳದ ನೆನಪು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಗಡಿಯಾರದ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಸಾಲು ಸಾಲು ಗಡಿಯಾರಗಳ ಮುಂದೆ ನಿಂತು ನಾನು ಜೇಬಿನಲ್ಲಿದ್ದುದನ್ನು ಮುಟ್ಟಿ ನೋಡಿಕೊಂಡೆ. ಗಾಜಿನ ಹಿಂದಿನ ಗಡಿಯಾರಕ್ಕೆ ಕಿವಿಯಿಡಲು ಬರುವುದಿಲ್ಲ.

ಆ ರಾತ್ರಿ ಮಿತ್ರರು ಇನ್ನೊಂದು ಲೋಕದ ಕಥೆ ಹೇಳಿದರು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಗಡಿಯಾರದ ಕಂಪೆನಿಯೊಂದು 2011ರಲ್ಲಿ ಒಂದು ಕಲಾಶಾಲೆಯನ್ನು ತೆರೆದಿದೆಯಂತೆ. ಅಲ್ಲಿ ಗಡಿಯಾರಗಳ ಪಕ್ಕದಲ್ಲಿಯೇ ಚಲಿಸುವ ಶಿಲ್ಪಗಳನ್ನೂ ಇಡುತ್ತಾರೆ. ಶಿಲ್ಪವೆಂದರೆ ಅಲುಗದೆ ನಿಂತದ್ದು ಎಂದು ತಿಳಿದಿದ್ದ ನಮಗೆ ಇದು ಸೋಜಿಗ. ಆದರೆ ಈ ಕಲೆಗೆ ನೂರು ವರ್ಷ ದಾಟಿದೆ. ರಷ್ಯದ ನೌಮ್ ಗಾಬೊ 1920ರಲ್ಲಿ ಒಂದು ಉಕ್ಕಿನ ಕಂಬಿಯನ್ನು ಮೋಟಾರಿನಿಂದ ಕಂಪಿಸುವಂತೆ ಮಾಡಿದ. ನೋಡುವವರಿಗೆ ಕಂಬಿ ಮಾಯವಾಗಿ ಗಾಳಿಯಲ್ಲಿ ಒಂದು ಅಲೆ ಕಂಡಿತು. ಅಮೆರಿಕದ ಕಾಲ್ಡರ್ ತಂತಿಗೆ ತಗಡಿನ ಎಲೆಗಳನ್ನು ತೂಗಿಬಿಟ್ಟು ಗಾಳಿಗೆ ಅಲುಗುವ ಶಿಲ್ಪಗಳನ್ನು ಮಾಡಿದ. 1955ರಲ್ಲಿ ಅಹಮದಾಬಾದಿಗೂ ಬಂದು, ಸಾರಾಭಾಯಿ ಮನೆತನದವರ ಅತಿಥಿಯಾಗಿದ್ದು, ಕೆಲವನ್ನು ರಚಿಸಿದ. ಸ್ವಿಟ್ಜರ್ಲೆಂಡಿನ ಟಿಂಗೆಲಿ 1960ರಲ್ಲಿ ನ್ಯೂಯಾರ್ಕಿನ ಕಲಾಸಂಗ್ರಹಾಲಯವೊಂದರ ತೋಟದಲ್ಲಿ, ತನ್ನನ್ನು ತಾನೇ ಕೆಡವಿಕೊಳ್ಳುವ ಯಂತ್ರವೊಂದನ್ನು ನಡೆಸಿ ತೋರಿಸಿದ.

“ಚಲನೆಯನ್ನೇ ನೋಡುವ ವಸ್ತುವನ್ನಾಗಿ ಮಾಡಿದರು, ಅದೇ ಈ ಕಲೆಯ ಹೆಚ್ಚುಗಾರಿಕೆ” ಎಂದರು ಮಿತ್ರರು. ಹಾಸಿಗೆಯಲ್ಲಿ ಮಲಗಿ ನಾನು ಯೋಚಿಸಿದೆ: ನಮ್ಮ ತಂದೆಯವರ ಗಡಿಯಾರದೊಳಗೆ ಆ ಚಲನೆ ಉಕ್ಕಿನ ಮುಚ್ಚಳದ ಹಿಂದೆ, ಯಾರೂ ನೋಡದಿದ್ದರೂ, ಇಷ್ಟು ವರ್ಷ ನಡೆಯುತ್ತಿತ್ತಲ್ಲ!

ಬೀದರಿಗೆ ಹಿಂದಿರುಗಿ ವಿಚಾರಿಸಿದಾಗ, ಚೌಬಾರದ ಸಮೀಪದ ಗಲ್ಲಿಯಲ್ಲಿ ಹಳೆಯ ಘಡಿಸಾಜರೊಬ್ಬರು ಇದ್ದಾರೆಂದು ಸಹೋದ್ಯೋಗಿಯೊಬ್ಬರು ತಿಳಿಸಿದರು. ಚೌಬಾರವೆಂದರೆ ನಮ್ಮ ಊರಿನ ನಡುವೆ, ದಾರಿಗಳು ಕೂಡುವಲ್ಲಿ ನಿಂತಿರುವ 71 ಅಡಿಯ ದುಂಡು ಗೋಪುರ. ಒಳಗೆ ಸುತ್ತಿಕೊಂಡು ಏರುವ 80 ಮೆಟ್ಟಿಲು. ಹಿಂದೆ ಮೇಲೆ ನಿಂತು ಊರನ್ನು ಕಾಯುತ್ತಿದ್ದರು; ಆಮೇಲೆ ಅದರ ತಲೆಯ ಮೇಲೆ ಗಡಿಯಾರ ಬಂತು. ಇಂಗ್ಲಿಷಿನಲ್ಲಿ ಕಾವಲಿಗೂ ಕೈಗಡಿಯಾರಕ್ಕೂ ‘ವಾಚ್’ ಎಂಬುದು ಒಂದೇ ಮಾತು. ಪದಗಳ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದು ಹೊಳೆದದ್ದು ಅಂದು ಚೌಬಾರವನ್ನು ದಾಟುವಾಗ.

ಚಾಚಾ ಅವರ ಅಂಗಡಿ ಒಂದು ಮೇಜು, ಒಂದು ದೀಪ, ಅಷ್ಟೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆರೆದರು. ತುಸು ಹೊತ್ತಿನ ಮೇಲೆ, “ಘಡಿ ಸತ್ತಿಲ್ಲರಿ ಸರ. ಬಿದ್ದು ಕಾಲ್ ಮುರಕೊಂಡದ” ಎಂದರು. ಅತ್ತಿತ್ತ ತೂಗುವ ಚಕ್ರದ ಅಚ್ಚಿನ ತುದಿ ಮುರಿದಿತ್ತು. ಆ ತುದಿ ಕೂದಲಿನಷ್ಟು ತೆಳ್ಳಗಿನದು.

ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಅವರು ನಿಂತುಹೋದ ಗಡಿಯಾರಗಳನ್ನು ಕೂಡಿಟ್ಟಿದ್ದರು. ಅದರಿಂದ ಇನ್ನೊಂದು ಜನತಾ ತೆಗೆದು ಅದರ ಚಕ್ರವನ್ನು ಬಿಚ್ಚಿ ಇದಕ್ಕೆ ಕೂಡಿಸಿದರು. ಬಿದರಿಯ ಕುಸುರಿಯವರು ಬೆಳ್ಳಿಯ ಎಳೆಯನ್ನು ಕೂಡಿಸುವಾಗಿನ ಏಕಾಗ್ರತೆ ಅದು. ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. “ಯಾರದರಿ ಆ ಇನ್ನೊಂದು ಘಡಿ?” ಎಂದು ಕೇಳಿದೆ. “ಯಾರೋ ರಿಪೇರಿಗೆ ಕೊಟ್ಟು ಹೋದವರು, ತಿರುಗಿ ಬರಲಿಲ್ಲ” ಎಂದರು. ಮಗ ಮೊಬೈಲಿನ ಅಂಗಡಿ ಇಟ್ಟಿದ್ದಾನೆ. ಈ ಕೆಲಸ ಕಲಿಯಲು ಯಾರೂ ಬರುವುದಿಲ್ಲವಂತೆ.

ಕೆಲಸ ಮುಗಿದ ಮೇಲೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, “ನೋಡ್ರಿ ಸರ” ಎಂದರು. ನೋಡಿದೆ. ಸುತ್ತಿಟ್ಟ ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳಲು ಹಾತೊರೆಯುತ್ತದೆ. ಹಲ್ಲಿನ ಚಕ್ರಗಳು ಆ ಬಲವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೊನೆಯಲ್ಲಿ ಒಂದು ಪುಟ್ಟ ಕವೆ ಅದನ್ನು ತಡೆದು ಬಿಟ್ಟು, ತಡೆದು ಬಿಟ್ಟು, ತೂಗುವ ಚಕ್ರಕ್ಕೆ ಲೆಕ್ಕದಂತೆ ಕೊಡುತ್ತದೆ. ಅಚ್ಚುಗಳು ಸವೆಯದಿರಲೆಂದು ಕೂಡಿಸಿದ 17 ಕೃತಕ ಕೆಂಪುಹರಳುಗಳಲ್ಲಿ ಕೆಲವು ದೀಪಕ್ಕೆ ಮಿನುಗುತ್ತಿದ್ದವು. ಗಂಟೆಗೆ 18,000 ಮಿಡಿತ; ದಿನಕ್ಕೆ 4,32,000. ಜಿನೀವಾದ ಕಲಾಶಾಲೆಯನ್ನು ನಾನು ಕಂಡಿಲ್ಲ. ಚೌಬಾರದ ಗಲ್ಲಿಯ ಆ ಮೇಜಿನ ಮುಂದೆ ಕಂಡದ್ದು ನನಗೆ ಸಾಕೆನಿಸಿತು. ಅಲ್ಲಿ ಇದ್ದದ್ದು ನೋಡುವುದಕ್ಕಾಗಿ ಮಾಡಿದ ಚಲನೆಯಲ್ಲ. ಯಾರೋ ಮಾಸ್ತರರ ಶಾಲೆಯ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸಲೆಂದು ಮಾಡಿದ್ದು. ಕೈಯೊಂದು ದಿನವೂ ಚಾವಿ ಕೊಟ್ಟರೆ, ಇನ್ನೊಂದು ಕೈ ಮುರಿದುದನ್ನು ಕೂಡಿಸಿದರೆ ಮಾತ್ರ ಅದು ನಡೆಯುತ್ತದೆ.

ಶನಿವಾರ ಸಂಜೆ ಭಾಲ್ಕಿಯ ಬಸ್ಸು ಹಿಡಿದೆ. ತಾಯಿ ಅಂಗಳದಲ್ಲಿ ಕುಳಿತಿದ್ದಳು. ಬಿದ್ದ ಸಂಗತಿಯನ್ನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಕೆ ನನ್ನ ಕೈ ಹಿಡಿದು ಗಡಿಯಾರವನ್ನು ಕಿವಿಗೆ ಒತ್ತಿಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು.

“ಬಿದ್ದಿತ್ತವ್ವಾ. ರಿಪೇರಿ ಮಾಡಿಸಿದೆ” ಎಂದೆ.

“ಬೀಳ್ತದ. ಅವರ ಕೈಯಾಗಿಂದೂ ಎರಡು ಸಲ ಬಿದ್ದಿತ್ತು” ಎಂದಳು. ಇದು ನನಗೆ ತಿಳಿದಿರಲಿಲ್ಲ. ಮತ್ತೆ ಒಮ್ಮೆ ಕಿವಿಗೆ ಹಿಡಿದು ಕೇಳಿ, ಕೈ ಬಿಟ್ಟು, “ಇವತ್ತ ಚಾವಿ ಕೊಟ್ಟೀಯಿಲ್ಲೋ?” ಎಂದಳು.