ಕೆರೆಯ ಊರಿನಿಂದ ಕಡಲಿನ ತಳಕ್ಕೆ

ಬೆಂಗಳೂರಿಗೆ ಕಡಲಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲೆ ಕುಳಿತಿರುವ ಈ ಊರಿಗೆ ನದಿಯ ಭಾಗ್ಯವೂ ಹೇಳಿಕೊಳ್ಳುವಂಥದಲ್ಲ. ಆದರೂ ಊರಿನ ದಕ್ಷಿಣ ಭಾಗದ ಹೆಸರುಗಳಿಗೆ ಕಿವಿಗೊಟ್ಟರೆ ನೀರಿನ ಸದ್ದು ಕೇಳಿಸದಿರದು. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಇವುಗಳಲ್ಲಿ ‘ಸಂದ್ರ’ವೆಂಬುದು ‘ಸಮುದ್ರ’ದ ಸವೆದ ರೂಪ. ತಾವು ಕಟ್ಟಿಸಿದ ಕೆರೆಯನ್ನೇ ಸಮುದ್ರವೆಂದು ಕರೆದು ಸಂತೋಷಪಟ್ಟವರು ನಮ್ಮ ಹಿರಿಯರು. ಜಯನಗರದ ಮಗ್ಗುಲಿಗೆ ಯಡಿಯೂರು ಕೆರೆ, ಜೆ.ಪಿ. ನಗರದ ಮಗ್ಗುಲಿಗೆ ಸಾರಕ್ಕಿ ಕೆರೆ ಇಂದಿಗೂ ಉಳಿದಿವೆ.

ಆ ಹಿರಿಯರ ಮೊಮ್ಮಕ್ಕಳಿಗೆ ಮಾತ್ರ ಹೆಸರಿನ ಸಮುದ್ರ ಸಾಲದು. ಅವರು ನಿಜವಾದ ಸಮುದ್ರಕ್ಕೆ ಹೋಗುತ್ತಾರೆ. ಹೋಗಿ ದಡದಲ್ಲಿ ಕಾಲು ತೋಯಿಸಿಕೊಂಡು ಬರುವುದಿಲ್ಲ, ಅದರ ತಳಕ್ಕೇ ಇಳಿಯುತ್ತಾರೆ. ಸಂಜೆಯ ಹೊತ್ತು ಜಯನಗರದ ನಾಲ್ಕನೆಯ ಬ್ಲಾಕಿನ ಹೋಟೆಲೊಂದರಲ್ಲಿ ಪಕ್ಕದ ಮೇಜಿನಿಂದ ‘ರೆಗ್ಯುಲೇಟರ್’ ಎಂಬ ಮಾತು ಕೇಳಿಬಂದರೆ, ಅದು ಫ್ಯಾನಿನದಿರಬೇಕು, ಇಲ್ಲವೇ ಅಡುಗೆ ಅನಿಲದ ಸಿಲಿಂಡರಿನದಿರಬೇಕು ಎಂದು ನಾವು ತಿಳಿಯುವುದು ಸಹಜ. ಆದರೆ ಕಾಫಿ ಆರಿಹೋಗುವಷ್ಟು ಹೊತ್ತು ಆ ತರುಣರು ಚರ್ಚಿಸುತ್ತಿರುವುದು ನೀರಿನಡಿಯಲ್ಲಿ ಉಸಿರಾಡಿಸುವ ರೆಗ್ಯುಲೇಟರನ್ನು. ಸ್ಕೂಬಾ ಡೈವಿಂಗ್ ಎಂಬ ವಿದ್ಯೆಗೆ ಜೀವಾಳವಾದ ಉಪಕರಣವದು. ಯಾವ ಕಂಪನಿಯದು ಉತ್ತಮ, ಯಾವ ಅಂಗಡಿಯವನ ಮಾತು ನಂಬತಕ್ಕದ್ದು ಎಂಬುದೇ ಅವರ ವಾದದ ವಿಷಯ.

ಈ ವಿದ್ಯೆಯ ಮೊದಲ ಪಾಠಗಳು ನಡೆಯುವುದು ಈಜುಕೊಳದಲ್ಲಿ. ದಕ್ಷಿಣ ಬೆಂಗಳೂರಿಗೆ ಈಜು ಹೊಸದಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ 1500 ಮೀಟರು ಈಜಿದ ಗಗನ್ ಉಳ್ಳಾಲಮಠ ಅವರು ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ ಪಳಗಿದವರು. ಆದರೆ ಈಜುಗಾರನ ಒಂದು ಅಭ್ಯಾಸ ಮುಳುಗುಗಾರನಿಗೆ ಪರಮ ಶತ್ರು: ಅದು ಉಸಿರು ಬಿಗಿಹಿಡಿಯುವುದು. ಹತ್ತು ಮೀಟರು ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟಿರುತ್ತದೆ. ಅಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲಕ್ಕೆ ಬರುವ ವೇಳೆಗೆ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಮೇಲೇರಿದವನ ಎದೆಯೇ ಒಡೆದೀತು. ಆದ್ದರಿಂದ ಶಿಷ್ಯನಿಗೆ ಗುರು ಮೊದಲು ಹೇಳುವ ಮಾತು, ಉಸಿರಾಡುತ್ತಲೇ ಇರು ಎಂಬುದು.

ಕೊಳದ ಪಾಠ ಮುಗಿದ ಮೇಲೆ ಕಡಲು. ನಮ್ಮ ನಾಡಿನಲ್ಲಿ ಅದಕ್ಕೆ ಪ್ರಸಿದ್ಧವಾದ ಸ್ಥಳ ಉತ್ತರ ಕನ್ನಡದ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪ. ರಾತ್ರಿಯ ಬಸ್ಸಿನಲ್ಲಿ ಘಟ್ಟವಿಳಿದು ಹೋದವನಿಗೆ ಬೆಳಗಿನ ಬೆಳಕಿನಲ್ಲಿ ಮೊದಲು ಕಾಣುವುದು 123 ಅಡಿ ಎತ್ತರದ ಶಿವನ ಮೂರ್ತಿ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ಸಾಗಿದರೆ, ಕಡಲಿನ ನಡುವೆ ಹಸಿರು ಹೊದ್ದು ನಿಂತ ಬಂಡೆಗಳ ಗುಡ್ಡವೇ ನೇತ್ರಾಣಿ. ಪಾರಿವಾಳದ ದ್ವೀಪವೆಂಬ ಹೆಸರೂ ಅದಕ್ಕುಂಟು. ಬೆಸ್ತರು ಹರಕೆಯಾಗಿ ಬಿಟ್ಟ ಆಡುಗಳು ಗುಡ್ಡದ ಮೇಲೆ. ಹವಳ, ಗಿಳಿಮೀನು, ಚಿಟ್ಟೆಮೀನುಗಳ ಸಂಸಾರ ನೀರಿನ ಕೆಳಗೆ. ಮಳೆಗಾಲದಲ್ಲಿ ಕಡಲು ಯಾರನ್ನೂ ಹತ್ತಿರಕ್ಕೆ ಬಿಟ್ಟುಕೊಡುವುದಿಲ್ಲ. ಮಳೆ ನಿಂತ ಮೇಲೆ ನೀರು ತಿಳಿಯಾಗುತ್ತ ಬರುತ್ತದೆ. ಅದರ ಬಿಸುಪು ಸಾಮಾನ್ಯವಾಗಿ 26ರಿಂದ 30 ಡಿಗ್ರಿ ಸೆಲ್ಸಿಯಸ್. ಮೊದಲ ಸಲ ಗುರುವಿನ ಕೈಹಿಡಿದು ಇಳಿಯುವವನಿಗೆ 12 ಮೀಟರು, ಮೊದಲ ಪ್ರಮಾಣಪತ್ರ ಪಡೆದವನಿಗೆ 18 ಮೀಟರು ಎಂಬ ಮಿತಿಯುಂಟು. ನೀರಿನ ಬಿಸುಪು ಮತ್ತು ಆಳದ ಈ ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಅಂಗಡಿಯವನ ಮಾತನ್ನು ಒರೆಹಚ್ಚುವಾಗ ಅವು ಬೇಕಾಗುತ್ತವೆ.

ರೆಗ್ಯುಲೇಟರಿನ ಕೆಲಸ ಕೇಳಿದಷ್ಟು ಗಹನವಾದುದಲ್ಲ. ಮುಳುಗುಗಾರನ ಬೆನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಅಂದರೆ ಕಾರಿನ ಟೈರಿನಲ್ಲಿರುವುದರ ಹೆಚ್ಚುಕಡಿಮೆ ನೂರರಷ್ಟು. ಅದನ್ನು ನೇರವಾಗಿ ಬಾಯಿಗೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ಸಿಲಿಂಡರಿಗೆ ಕಚ್ಚಿಕೊಂಡ ಮೊದಲ ಹಂತ ಆ ಒತ್ತಡವನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚಿರುವಂತೆ ತಗ್ಗಿಸುತ್ತದೆ. ಬಾಯಿಯಲ್ಲಿ ಕಚ್ಚಿಕೊಂಡ ಎರಡನೆಯ ಹಂತ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕೇ ಸರಿದೂಗಿಸಿ, ಉಸಿರೆಳೆದಾಗ ಮಾತ್ರ ಕೊಡುತ್ತದೆ. ಇಂದಿನ ಈ ಉಪಕರಣದ ಪೂರ್ವರೂಪ ಬಂದದ್ದು 1943ರಲ್ಲಿ, ಫ್ರಾನ್ಸಿನಲ್ಲಿ. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾ ಇಬ್ಬರೂ ಕೂಡಿ ಅದನ್ನು ರೂಪಿಸಿದರು. ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸುವುದಕ್ಕೆಂದು ಗಾನ್ಯಾ ಮಾಡಿದ್ದ ಕವಾಟವೇ ಅದಕ್ಕೆ ಮೂಲ. ಅಡುಗೆಮನೆಯ ರೆಗ್ಯುಲೇಟರಿಗೂ ಇದಕ್ಕೂ ನಂಟಿದೆಯೆಂದರೆ ಅದು ಬರಿಯ ಹೆಸರಿನ ನಂಟಲ್ಲ.

ಇನ್ನು ಕಂಪನಿಗಳ ಮಾತು. ಆಕ್ವಾಲಂಗ್ ಫ್ರಾನ್ಸಿನದು, ಕುಸ್ತೋ ಪರಂಪರೆಯದು. ಕ್ರೆಸ್ಸಿ 1946ರಲ್ಲಿ, ಮಾರೆಸ್ 1949ರಲ್ಲಿ ಇಟಲಿಯ ಕಡಲತೀರದಲ್ಲಿ ಹುಟ್ಟಿದವು. ಪೊಸೈಡನ್ 1958ರಲ್ಲಿ ಸ್ವೀಡನ್ನಿನಲ್ಲಿ, ಸ್ಕೂಬಾಪ್ರೊ 1963ರಲ್ಲಿ ಅಮೆರಿಕದಲ್ಲಿ, ಎಪೆಕ್ಸ್ 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪ್ರಾರಂಭವಾದವು. ತವರಿನ ನೀರು ಎಂಥದೋ ಉಪಕರಣದ ಗುಣವೂ ಅಂಥದೇ. ಸ್ವೀಡನ್, ಇಂಗ್ಲೆಂಡುಗಳ ಕೊರೆಯುವ ನೀರಿನಲ್ಲಿ ಕವಾಟದೊಳಗೆ ಮಂಜುಗಟ್ಟಿ ಗಾಳಿ ಒಂದೇ ಸಮನೆ ಸೋರಿಹೋಗುವ ಭಯವುಂಟು. ಅಲ್ಲಿನವರು ಚಳಿಯನ್ನು ಗೆಲ್ಲುವುದಕ್ಕೆ ಬುದ್ಧಿ ಖರ್ಚುಮಾಡಿದ್ದಾರೆ. 26 ಡಿಗ್ರಿಯ ನೇತ್ರಾಣಿಯಲ್ಲಿ ಮಂಜಿನ ಮಾತೆಲ್ಲಿ ಬಂತು? ಯೂರೋಪಿನ ಇ.ಎನ್. 250 ಎಂಬ ಮಾನದಂಡವನ್ನು ದಾಟಿದ ಯಾವ ರೆಗ್ಯುಲೇಟರಾದರೂ, ಸುಸ್ಥಿತಿಯಲ್ಲಿದ್ದರೆ, ನಮ್ಮ ಬೆಚ್ಚನೆಯ ನೀರಿನ ಹದಿನೆಂಟು ಮೀಟರಿಗೆ ಧಾರಾಳವಾಗಿ ಸಾಕು.

ಹಾಗೆಂದು ಎಲ್ಲವೂ ಒಂದೇ ಎನ್ನುವಂತಿಲ್ಲ. ಮೊದಲ ಹಂತದಲ್ಲಿ ಪಿಸ್ಟನ್ ಇರುವುದೊಂದು ಜಾತಿ, ಡಯಾಫ್ರಂ ಇರುವುದು ಇನ್ನೊಂದು. ಪಿಸ್ಟನ್ನಿನಲ್ಲಿ ಬಿಡಿಭಾಗಗಳು ಕಡಿಮೆ, ರಿಪೇರಿ ಸುಲಭ. ಆದರೆ ಉಪ್ಪು, ಮರಳು ಒಳಗೆ ಸೇರುವ ಸಂಭವ ಹೆಚ್ಚು. ಡಯಾಫ್ರಂ ಇರುವುದರಲ್ಲಿ ಒಳಗಿನ ಯಂತ್ರಕ್ಕೆ ಕಡಲ ನೀರು ಸೋಂಕುವುದಿಲ್ಲ. ಭಾಗಗಳು ಮಾತ್ರ ಹೆಚ್ಚು. ‘ಬ್ಯಾಲೆನ್ಸ್ಡ್’ ಎಂಬ ಬಗೆಯದು ಸಿಲಿಂಡರು ಬರಿದಾಗುತ್ತ ಬಂದರೂ ಉಸಿರನ್ನು ಭಾರವಾಗಿಸದು. ಹಾಗಲ್ಲದ್ದು ಕೊನೆಗೊನೆಗೆ ತುಸು ಬಿಗಿಯಾಗುತ್ತದೆ. ಏಷ್ಯದ ಪ್ರವಾಸಿ ಕಡಲತೀರಗಳ ಸಿಲಿಂಡರುಗಳಿಗೆ ಹೆಚ್ಚಾಗಿ ಹೊಂದುವುದು ‘ಯೋಕ್’ ಎಂಬ ಹಿಡಿಕೆ. ಯೂರೋಪಿನ ‘ಡಿನ್’ ತಿರುಪಿನದನ್ನು ಕೊಂಡವನು ಅದಕ್ಕೊಂದು ಜೋಡಣೆಯನ್ನೂ ಜೊತೆಗಿಟ್ಟುಕೊಳ್ಳಬೇಕು.

ನಮ್ಮ ಬಡಾವಣೆಯ ಒಬ್ಬ ತರುಣ ಇಂಜಿನಿಯರಿಗೆ ಮೂರು ಅಂಗಡಿಗಳವರು ಮೂರು ಕಂಪನಿಗಳನ್ನು ಶಿಫಾರಸು ಮಾಡಿದ್ದರು. ಮೂವರೂ ತಮ್ಮದೇ ಶ್ರೇಷ್ಠವೆಂದರು. ಮೂವರೂ ಉಳಿದಿಬ್ಬರ ಮಾಲಿನ ಬಗ್ಗೆ ಹುಬ್ಬು ಗಂಟಿಕ್ಕಿದರು. ಮೇಲ್ದರ್ಜೆಯ ಒಂದು ಸೆಟ್ಟಿನ ಬೆಲೆಗೆ ಒಂದು ಸ್ಕೂಟರು ಬಂದೀತು. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅವನ ತಾಯಿ ಈ ವೃತ್ತಾಂತವನ್ನೆಲ್ಲ ಕೇಳಿ, “ಅಲ್ಲಪ್ಪಾ, ಆ ಅಂಗಡಿಯವನು ನೀರಿಗಿಳಿಯುವಾಗ ಅದನ್ನೇ ಹಾಕಿಕೊಳ್ಳುತ್ತಾನೇನು?” ಎಂದರು. ಪಿಸ್ಟನ್ನಿನ ಗಂಧವಿಲ್ಲದ ಆ ತಾಯಿಯ ಪ್ರಶ್ನೆ ನೂರು ವಿಮರ್ಶೆಗಳಿಗೆ ಸಮನಾಗಿತ್ತು.

ನಂಬಿಕೆಯಿಲ್ಲದೆ ಈ ಬಡಾವಣೆಗಳ ಜೀವನ ಒಂದು ದಿನವೂ ಸಾಗದು. ಚಿನ್ನದ ಅಂಗಡಿ, ರೇಷ್ಮೆಸೀರೆಯ ಅಂಗಡಿ, ಮನೆವೈದ್ಯರು, ಎಲ್ಲೆಲ್ಲಿಯೂ ನಾವು ಪರರ ಮಾತಿನ ಮೇಲೆಯೇ ನಡೆಯುವವರು. ಆದರೆ ಸೀರೆಯ ಬಣ್ಣ ಹೋದರೆ ಮರುದಿನ ಹೋಗಿ ಜಗಳವಾಡಬಹುದು. ಹದಿನೆಂಟು ಮೀಟರಿನ ಆಳದಲ್ಲಿ ಉಸಿರು ಹೋದರೆ ಜಗಳಕ್ಕೆ ಅವಕಾಶವಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಕ್ಕದ್ದು ಭೀಷ್ಮನಿಂದ ಜಲಮಂತ್ರದ ಉಪದೇಶ ಪಡೆದು. ಭೀಷ್ಮನಿಗೆ ಆ ಮಂತ್ರದ ಮಾರಾಟದಿಂದ ಬರತಕ್ಕ ಕಮಿಷನ್ ಇರಲಿಲ್ಲ. ನಮ್ಮ ಕಾಲದಲ್ಲಿ ವಿದ್ಯೆ ಹೇಳುವ ಗುರುವೂ ಉಪಕರಣ ಮಾರುವ ವರ್ತಕನೂ ಅನೇಕ ವೇಳೆ ಒಬ್ಬನೇ. ಇದರಲ್ಲಿ ಅಪರಾಧವೇನೂ ಇಲ್ಲ. ಆದರೆ ಗುರುವಿನಲ್ಲಿಟ್ಟ ಭಕ್ತಿಯನ್ನು ವರ್ತಕನು ತಾನಾಗಿ ನಗದು ಮಾಡಿಕೊಳ್ಳದಂತೆ ಶಿಷ್ಯನು ಎಚ್ಚರವಾಗಿರಬೇಕು.

ಶಿಫಾರಸಿನ ಯೋಗ್ಯತೆ ತಿಳಿಯುವುದು ಅದರ ಕಾರಣದಿಂದ. “ಇದೇ ಅತ್ಯುತ್ತಮ” ಎಂಬುದು ಮಾರಾಟದ ಮಾತು. “ನೀವು ಮುಳುಗುವುದು ಬೆಚ್ಚನೆಯ ನೀರಿನಲ್ಲಿ, ಇದರ ಬಿಡಿಭಾಗಗಳು ನಮ್ಮಲ್ಲಿವೆ, ಇದನ್ನು ಬಿಚ್ಚಿ ಜೋಡಿಸಲು ಕಂಪನಿಯಿಂದ ತರಬೇತಿ ಪಡೆದವರು ನಮ್ಮಲ್ಲಿದ್ದಾರೆ” ಎಂಬುದು ತಿಳಿವಳಿಕೆಯ ಮಾತು. ಈ ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯ. ರೆಗ್ಯುಲೇಟರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಕಂಪನಿ ಹೇಳಿದ ಅವಧಿಗೆ, ಕೆಲವರ ಪ್ರಕಾರ ಎರಡು ವರ್ಷಕ್ಕೆ ಅಥವಾ ನೂರು ಮುಳುಗಿಗೆ, ಒಳಗಿನ ರಬ್ಬರ್ ಉಂಗುರಗಳನ್ನು ಬದಲಿಸಬೇಕು. ಎಷ್ಟೇ ಪ್ರಖ್ಯಾತ ಕಂಪನಿಯದಾದರೂ ಅದನ್ನು ಬಿಚ್ಚಬಲ್ಲವನು ಪರದೇಶದಲ್ಲಿದ್ದರೆ ಅದು ನಮ್ಮ ಪಾಲಿಗೆ ಒಳ್ಳೆಯ ರೆಗ್ಯುಲೇಟರಲ್ಲ. ಹೆಚ್ಚಿನ ರೆಗ್ಯುಲೇಟರುಗಳು ಕೆಟ್ಟರೆ ಗಾಳಿ ನಿಲ್ಲುವ ಬದಲು ಒಂದೇ ಸಮನೆ ಹರಿಯುವಂತೆ ರಚಿತವಾಗಿವೆ ಎಂಬುದು ಸಮಾಧಾನದ ವಿಷಯ. ಆದರೆ ಹಾಗೆ ಹರಿದರೆ ಸಿಲಿಂಡರು ಬಹುಬೇಗ ಬರಿದಾಗುತ್ತದೆ. ಅದಕ್ಕೆಂದೇ ಜೊತೆಗಾರನ ಬಳಿ ಹಳದಿ ಕೊಳವೆಯ ಇನ್ನೊಂದು ಬಾಯಿ ಸಿದ್ಧವಾಗಿರುತ್ತದೆ.

ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗಿ ಎರಡು ಸಲ ಮುಳುಗಿ ಬರುವವನಿಗೆ ಸ್ವಂತ ರೆಗ್ಯುಲೇಟರಿನ ಅಗತ್ಯವೇ ಇಲ್ಲ. ಮುಖಕ್ಕೆ ಒಪ್ಪುವ ಕನ್ನಡಕವೊಂದನ್ನು ಕೊಂಡು ಉಳಿದದ್ದನ್ನು ಬಾಡಿಗೆಗೆ ಪಡೆದರಾಯಿತು. ಹೀಗೆಂದು ಗಿರಾಕಿಗೆ ಬಾಯಿಬಿಟ್ಟು ಹೇಳುವ ಅಂಗಡಿಯವನು ಸಿಕ್ಕರೆ, ಮುಂದೊಂದು ದಿನ ಕೊಳ್ಳುವ ಕಾಲ ಬಂದಾಗ ಅವನಲ್ಲಿಯೇ ಕೊಳ್ಳಬೇಕು. ಬಾಡಿಗೆಯವನನ್ನಾದರೂ, ಕೊನೆಯ ಸರ್ವಿಸ್ ಯಾವಾಗ ಆಯಿತೆಂದು ಕೇಳುವುದಕ್ಕೆ ಸಂಕೋಚಪಡಬಾರದು. ದಿನಾಂಕ ಬರೆದಿಟ್ಟವನು ಪುಸ್ತಕ ತೆರೆದು ತೋರಿಸುತ್ತಾನೆ. ಇಲ್ಲದವನು ನಕ್ಕು, ಭಯಪಡಬೇಡಿ ಎನ್ನುತ್ತಾನೆ. ದೋಣಿ ಬಿಡುವ ಮುಂಚೆ ಬಾಯಿಗಿಟ್ಟುಕೊಂಡು ನಾಲ್ಕಾರು ಸಲ ಉಸಿರೆಳೆದು, ಒತ್ತಡದ ಮಾಪಕದ ಮುಳ್ಳು ಓಲಾಡದೆ ನಿಂತಿದೆಯೇ ಎಂದು ನೋಡುವಷ್ಟು ಪರೀಕ್ಷೆ ಯಾರಿಂದಲಾದರೂ ಸಾಧ್ಯ.

ಆ ಇಂಜಿನಿಯರು ತಾಯಿಯ ಪ್ರಶ್ನೆಯನ್ನು ಮೂರು ಅಂಗಡಿಗಳಿಗೂ ಒಯ್ದನು. ಒಬ್ಬನು ಮಾತು ಬದಲಿಸಿದನು. ಇನ್ನೊಬ್ಬನು ಹೌದೆಂದನು, ತೋರಿಸಲಿಲ್ಲ. ಮೂರನೆಯವನು ಒಳಗಿನಿಂದ ತನ್ನ ಹಳೆಯ ರೆಗ್ಯುಲೇಟರನ್ನು ತಂದು ಮೇಜಿನ ಮೇಲಿಟ್ಟನು. ಲೋಹದ ಹೊಳಪು ಮಾಸಿತ್ತು, ಕೊಳವೆ ಹೊಸದಾಗಿತ್ತು, ಸರ್ವಿಸಿನ ಚೀಟಿ ಅದಕ್ಕೆ ಕಟ್ಟಿತ್ತು. ಈ ವರ್ಷ ಬಾಡಿಗೆಗೆ ಪಡೆಯಿರಿ, ಇಪ್ಪತ್ತು ಮುಳುಗಾದ ಮೇಲೆ ಕೊಳ್ಳುವ ಮಾತಾಡೋಣ ಎಂದು ಅವನು ಹೇಳಿ ಕಳುಹಿಸಿದನಂತೆ.