ಕೈ ಸರಿಯಾದ ಮೇಲೆ ಹೊರಟ ಓಮ್ನಿ

ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಮನೆಗಳಿಗೆ ನಿದ್ದೆಯಿಲ್ಲ. ಅಂಗಳದ ಒಂದು ಮೂಲೆಯಲ್ಲಿ ಹಂಡೆಯೊಳಗೆ ಅಡಿಕೆ ಬೇಯುತ್ತಿರುತ್ತದೆ, ಇನ್ನೊಂದು ಕಡೆ ಮೆಟ್ಟುಗತ್ತಿಯ ಮೇಲೆ ಕೂತು ಊರವರು ಸುಲಿಯುತ್ತಿರುತ್ತಾರೆ. ನಮ್ಮ ದೊಡ್ಡಪ್ಪನ ಮನೆಗೆ ಸುಲಿಯಲು ಬರಲಿಕ್ಕೆ ಜನಕ್ಕೆ ಇನ್ನೊಂದು ಆಸೆಯೂ ಇತ್ತು. ಅವರು ತಾಳಮದ್ದಲೆಯ ಅರ್ಥಧಾರಿ. ಕೈ ಸುಲಿಯುತ್ತಲೇ ಬಾಯಲ್ಲಿ ಕರ್ಣ ಮಾತಾಡುತ್ತಿದ್ದ.

ಆ ರಾತ್ರಿ ಕರ್ಣ ಮಾತಿನ ನಡುವೆ ತಡೆದ. ಭಾವ ತುಂಬಿ ಬಂದು ನಿಲ್ಲಿಸಿದರು ಎಂದೇ ಎಲ್ಲರೂ ಕಾದರು. ಆಮೇಲೆ ಬಂದದ್ದು ಅರ್ಥವಾಗದ ತೊದಲು. ಬಲಗೈಯ ಅಡಿಕೆ ಉದುರಿತು, ತುಟಿ ಒಂದು ಕಡೆಗೆ ಜಾರಿತ್ತು.

ಅತ್ತಿಗೆ ಆಶಾ ಕಾರ್ಯಕರ್ತೆ. ಒಳಗಿಂದ ಓಡಿ ಬಂದವಳು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಮಾವ, ಒಂಚೂರು ನಗಿ. ಎರಡೂ ಕೈ ಮುಂದಕ್ಕೆ ಎತ್ತಿ." ಬಲಗೈ ಅರ್ಧಕ್ಕೇ ಇಳಿದುಹೋಯಿತು. ಅವಳು 108ಕ್ಕೆ ಫೋನ್ ಹಚ್ಚಿದಳು. ಆಂಬುಲೆನ್ಸ್ ನಮ್ಮ ಗುಡ್ಡದ ಮೂಲೆಗೆ ಬಂದು ಮುಟ್ಟುವಷ್ಟರಲ್ಲಿ ನಾವೇ ಅರ್ಧ ದಾರಿ ಹೋಗಬಹುದೆಂದು ಪಕ್ಕದ ಮನೆಯ ಓಮ್ನಿಗೂ ಹೇಳಿಕಳಿಸಿದಳು. ದೊಡ್ಡಮ್ಮ ನೀರು ತಂದರೆ ಬೇಡವೆಂದಳು, ನುಂಗಲು ಬಾರದೆ ಶ್ವಾಸಕ್ಕೆ ಹೋದೀತೆಂದು. ಯಾರೋ ತಮ್ಮ ಜೇಬಿನ ಆಸ್ಪಿರಿನ್ ಮಾತ್ರೆ ಚಾಚಿದರು. ಅದನ್ನೂ ಕೊಡಲು ಬಿಡಲಿಲ್ಲ. "ಒಳಗೆ ರಕ್ತನಾಳ ಒಡೆದಿದ್ರೆ ಏನು ಗತಿ? ಸ್ಕ್ಯಾನ್ ಆಗದೆ ಮಾತ್ರೆ ಇಲ್ಲ."

ಓಮ್ನಿ ಅಂಗಳಕ್ಕೆ ಬರುವಷ್ಟರಲ್ಲಿ ದೊಡ್ಡಪ್ಪ ಸರಿಯಾಗಿಬಿಟ್ಟರು! ಕೈ ಎತ್ತಿದರು, ತಮ್ಮ ಹೆಸರು ಹೇಳಿದರು, ಹಂಡೆಯ ಬೆಂಕಿ ನೋಡಿಕೊಳ್ಳಿ ಎಂದು ಗದರಿದರು. ಅಂಗಳವೆಲ್ಲ ಉಸಿರು ಬಿಟ್ಟಿತು. ನನಗೆ ಈಗಲೂ ಎದೆ ಹೊಡೆದುಕೊಳ್ಳುವುದು ಆ ಗಳಿಗೆ ನೆನೆದಾಗ. ಏಕೆಂದರೆ ಇಡೀ ಊರು ಒಂದೇ ಮಾತು ಹೇಳಿತು: ಹೋಯ್ತಲ್ಲ, ಇನ್ನೆಂತಕ್ಕೆ ರಾತ್ರಿ ತಿರುಗಾಟ? ಬೆಳಗ್ಗೆ ನೋಡಿದರಾಯ್ತು. ಲಕ್ವಕ್ಕೆ ನಾಟಿ ಮದ್ದು ಕೊಡುವವರ ಹೆಸರು ಒಬ್ಬರು ಹೇಳಿದರೆ, ಪಾರಿವಾಳದ ರಕ್ತ ತಿಕ್ಕುವ ಮಾತು ಇನ್ನೊಬ್ಬರು ತೆಗೆದರು. ಹೇಳಿದವರೆಲ್ಲ ದೊಡ್ಡಪ್ಪನನ್ನು ಪ್ರೀತಿಸುವವರೇ.

"ಹೋಗಿದ್ದು ಮತ್ತೆ ಬರ್ತದೆ ಮಾವ. ಬಂದ್ರೆ ನಿಮ್ಮ ಮಾತು ತಗೊಂಡು ಹೋಗ್ತದೆ," ಎಂದಳು ಅತ್ತಿಗೆ. ಅರ್ಥಧಾರಿಗೆ ಆ ಮಾತು ನಾಟಿತು. ಎದ್ದು ಶಲ್ಯ ಹೊದ್ದುಕೊಂಡರು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದು, ಇವರು ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಹೊತ್ತಿಗೆ ಎಂದು. ನಾವು ಒಬ್ಬೊಬ್ಬರು ಒಂದೊಂದು ಹೇಳಿದೆವು. ಅತ್ತಿಗೆ ಮೊಬೈಲ್ ತೆಗೆದು ತೋರಿಸಿದಳು: ತವರಿಗೆ ಮಾಡಿದ ಕರೆ, 9.10. ಆಗ ದೊಡ್ಡಪ್ಪನೂ ಆ ಫೋನಿನಲ್ಲಿ ಬೀಗರ ಜೊತೆ ಚೆನ್ನಾಗಿಯೇ ಮಾತಾಡಿದ್ದರು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು, ಎಣಿಕೆ ಶುರುವಾಗುವುದು ರೋಗಿ ಕೊನೆಗೆ ಸರಿಯಿದ್ದ ಹೊತ್ತಿನಿಂದ ಎಂದು ಡಾಕ್ಟರು ವಿವರಿಸಿದರು. ಕೈ, ಮಾತು ಮರಳಿದ್ದರಿಂದ ದೊಡ್ಡಪ್ಪನಿಗೆ ಅದು ಬೇಕಾಗಲಿಲ್ಲ. ಮತ್ತೊಮ್ಮೆ ಬಡಿದರೂ ಆಸ್ಪತ್ರೆಯೊಳಗೇ ಇರುತ್ತಾರಲ್ಲ, ಅದೇ ಲಾಭ ಎಂದರು.

ಸಿ.ಟಿ.ಯಲ್ಲಿ ರಕ್ತಸ್ರಾವ ಕಾಣಲಿಲ್ಲ. ಎಂ.ಆರ್.ಐ.ಯಲ್ಲಿ ಮಿದುಳಿನ ಎಡಭಾಗದಲ್ಲಿ ಒಂದು ಸಣ್ಣ ಚುಕ್ಕೆ ಕಂಡಿತು. ಸರಿಯಾಗಿದೆ ಎಂದು ನಾವೆಲ್ಲ ನಂಬಿದ್ದ ತಲೆಯೊಳಗೆ ಪಾರ್ಶ್ವವಾಯು ಗುರುತು ಬಿಟ್ಟು ಹೋಗಿತ್ತು. "ಹೆಪ್ಪು ತಾನಾಗಿ ಕರಗಿರಬೇಕು. ಅದನ್ನು ಕಳಿಸಿದ ಜಾಗ ಹಾಗೇ ಇದೆಯಲ್ಲ?" ಎಂದರು ಡಾಕ್ಟರು. ಅದಕ್ಕೇ ಇ.ಸಿ.ಜಿ., ಕತ್ತಿನ ರಕ್ತನಾಳದ ಡಾಪ್ಲರ್, ಸಕ್ಕರೆ, ಕೊಬ್ಬು ಎಲ್ಲ ನೋಡಿದರು. ಬಿ.ಪಿ. ತೀರಾ ಏರಿತ್ತು. ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ 21 ದಿನ, ಆಮೇಲೆ ಒಂದೇ ಮಾತ್ರೆ ಎಂದು ಬರೆದುಕೊಟ್ಟರು. ಮೊದಲ ಎರಡು ದಿನವೇ ಅಪಾಯ ಹೆಚ್ಚೆಂದು ಮನೆಗೆ ಬಿಡಲಿಲ್ಲ.

ಆಮೇಲೆ ನಾನು ಈ ವಿಷಯ ಹುಡುಕಿ ಓದಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪೀಟರ್ ರಾತ್‌ವೆಲ್ ತಂಡದವರು ಇಂಥ ಸಣ್ಣ ಪಾರ್ಶ್ವವಾಯುವಿನವರನ್ನೇ ಹಿಡಿದು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಚಿಕಿತ್ಸೆ ತಡವಾಗುತ್ತಿದ್ದ ಕಾಲದಲ್ಲಿ 90 ದಿನದೊಳಗೆ ನೂರರಲ್ಲಿ ಸುಮಾರು ಹತ್ತು ಜನಕ್ಕೆ ಮತ್ತೆ ಬಡಿಯುತ್ತಿತ್ತು. ಕೂಡಲೇ ಪರೀಕ್ಷಿಸಿ ಮಾತ್ರೆ ಶುರುಮಾಡಿದಾಗ ಅದು ಎರಡಕ್ಕೆ ಇಳಿಯಿತು. ಅದೇ ಸಾಮಾನ್ಯ ಮಾತ್ರೆಗಳು, ಬದಲಾದದ್ದು ಕೊಟ್ಟ ಹೊತ್ತು.

ದೊಡ್ಡಪ್ಪ ಅಪ್ಪೆಮಿಡಿ ಉಪ್ಪಿನಕಾಯಿ ಬಿಟ್ಟರು, ಎಲೆಯಡಿಕೆಯ ತಂಬಾಕೂ ಬಿಟ್ಟರು. ಮುಂದಿನ ವರ್ಷ ಕೆಳಗಿನ ಕೇರಿಯ ಅಜ್ಜಿಯೊಬ್ಬರಿಗೆ ಸುಲಿಯುತ್ತಲೇ ಬಾಯಿ ವಾರೆಯಾಯಿತು. ಐದು ನಿಮಿಷದಲ್ಲಿ ಸರಿಯೂ ಆಯಿತು. ಆ ಮನೆಯಲ್ಲಿ ಯಾರೂ ವಾದ ಮಾಡಲಿಲ್ಲ. ಅಜ್ಜಿ ಬೇಡವೆನ್ನುತ್ತಿರುವಾಗಲೇ ಹೆಂಗಸರು ಎತ್ತಿ ಜೀಪಿನಲ್ಲಿ ಕೂರಿಸಿ, ಹೊತ್ತು ಎಷ್ಟೆಂದು ಅವರ ಮಗನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ಶಿವಮೊಗ್ಗಕ್ಕೆ ಕಳಿಸಿದರು.