ಕೆರೆಯೂ ಟ್ಯಾಂಕು, ಟಾಕಿಯೂ ಟ್ಯಾಂಕು

ಹಾನಗಲ್ಲಿನ ಪೇಟೆಯಲ್ಲಿ ಒಂದು ತಾಸು ಅಡ್ಡಾಡಿದರೆ ಸಾಕು, ‘ಟ್ಯಾಂಕ್’ ಅನ್ನುವ ಮಾತು ನಾಲ್ಕು ಬಾಯಲ್ಲಿ ನಾಲ್ಕು ಅರ್ಥ ಹೊತ್ತುಕೊಂಡು ಕಿವಿಗೆ ಬೀಳುತ್ತದೆ. ಪೆಟ್ರೋಲ್ ಬಂಕಿನಲ್ಲಿ ಬೈಕು ನಿಲ್ಲಿಸಿದ ಹುಡುಗ ‘ಟ್ಯಾಂಕ್ ಫುಲ್ ಮಾಡ್ರಿ’ ಅನ್ನುತ್ತಾನೆ. ಪಕ್ಕದ ಓಣಿಯಲ್ಲಿ ಮಾಳಿಗೆ ಮೇಲಿನ ಕರಿ ಸಿಂಟೆಕ್ಸ್ ತುಂಬಿ ಗೋಡೆಗುಂಟ ನೀರು ಇಳಿಯುತ್ತಿರುತ್ತದೆ. ‘ಟಾಕಿ ತುಂಬೈತಿ, ಮೋಟರ್ ಬಂದ್ ಮಾಡೋ ತಮ್ಮಾ’ ಎಂದು ಯಾರೋ ತಾಯಿ ಒಳಗಿನಿಂದ ಕೂಗುತ್ತಾಳೆ. ಹೊಸ ಮನೆಗೆ ಬುನಾದಿ ಹಾಕಿದವರು ಗೌಂಡಿಯ ಹತ್ತಿರ ಸೆಪ್ಟಿಕ್ ಟ್ಯಾಂಕಿನ ಉದ್ದಗಲ ಮಾತಾಡುತ್ತಾರೆ. ಇನ್ನು ನೀರಾವರಿ ಕಚೇರಿಯ ಕಡತ ಬಿಚ್ಚಿದರೆ ಅಲ್ಲಿ ‘ಎಂ.ಐ. ಟ್ಯಾಂಕ್’ ಎಂದಿರುತ್ತದೆ. ಅದು ಊರ ಹೊರಗೆ ಹತ್ತಾರು ಎಕರೆ ಹರಡಿಕೊಂಡು, ಬೆಳ್ಳಕ್ಕಿಗಳನ್ನು ಕೂರಿಸಿಕೊಂಡಿರುವ ನಮ್ಮ ಕೆರೆ.

ಹತ್ತಾರು ಲೀಟರು ಹಿಡಿಯುವ ಬೈಕಿನ ಹೊಟ್ಟೆಗೂ ಐದು ಊರಿಗೆ ಅನ್ನ ಹಾಕುವ ನೀರಿಗೂ ಒಂದೇ ಹೆಸರು. ಇದು ಹೇಗಾಯಿತು ಎಂದು ಬೆನ್ನು ಹತ್ತಿ ಹೋದರೆ ದಾರಿ ಇಂಗ್ಲೆಂಡಿಗೆ ಹೋಗುವುದಿಲ್ಲ, ಗುಜರಾತಿಗೆ ಹೋಗುತ್ತದೆ. ಗುಜರಾತಿ, ಮರಾಠಿಗಳಲ್ಲಿ ನೆಲದೊಳಗೆ ಕಟ್ಟಿದ ನೀರಿನ ತೊಟ್ಟಿಗೆ ಟಾಂಕಿ, ಟಾಕೆ ಎಂಬ ಮಾತುಗಳು ಮೊದಲಿನಿಂದ ಇದ್ದವು. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರ ಬಾಯಲ್ಲೂ ಕೊಳಕ್ಕೆ ‘ತಾಂಕೆ’ ಎಂಬ ಮಾತಿತ್ತು. ಎರಡೂ ಒಂದಕ್ಕೊಂದು ಕೂಡಿಕೊಂಡು ಇಂಗ್ಲಿಷರ ನಾಲಗೆಗೆ ಹತ್ತಿದವು. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಈ ಮಾತಿನ ಹುಟ್ಟಿನ ಬಗ್ಗೆ ದೊಡ್ಡ ಚರ್ಚೆಯೇ ಇದೆ. ಹಾವೇರಿ ಸೀಮೆಯ ನಾವು ‘ಟಾಕಿ’ ಅಂದಾಗ ಪೇಟೆಯವರು ಅದನ್ನು ಕೆಟ್ಟ ಇಂಗ್ಲಿಷ್ ಎಂದು ತಿಳಿಯುತ್ತಾರೆ. ಹಾಗಲ್ಲ. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಆಗ ನಾವು ಆ ಜಿಲ್ಲೆಯೊಳಗಿದ್ದೆವು. ಮರಾಠಿಯ ಟಾಕಿ ನೇರವಾಗಿ ನಮ್ಮ ಮನೆಗೆ ಬಂತು. ಅಕ್ಕ ಮುಂಬಯಿ ರಸ್ತೆಯಿಂದ ನಮ್ಮಲ್ಲಿಗೆ ಬಂದಳು, ತಂಗಿ ಹಡಗು ಹತ್ತಿ ಲಂಡನ್ನಿಗೆ ಹೋಗಿ ತಿರುಗಿ ಬಂದಳು, ಅಷ್ಟೇ.

ಲಂಡನ್ನಿಗೆ ಹೋದ ತಂಗಿ ಅಲ್ಲಿ ಯುದ್ಧಕ್ಕೂ ಹೋದಳು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಲಿಂಕನ್ ಎಂಬ ಊರಿನ ಕಾರ್ಖಾನೆಯಲ್ಲಿ ಉಕ್ಕಿನ ಮೈಯ, ಪಟ್ಟಿಯ ಮೇಲೆ ತೆವಳುವ ಹೊಸ ಗಾಡಿ ತಯಾರಾಗುತ್ತಿತ್ತು. ಗುಟ್ಟು ಹೊರಬೀಳಬಾರದು. ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ನೀರು ಒಯ್ಯುವ ಗಾಡಿಗಳಿವು ಎಂದು ಮಾತು ಹಬ್ಬಿಸಿದರು. ಅದಕ್ಕೆ ಒಪ್ಪುವ ಹೆಸರು ‘ಟ್ಯಾಂಕ್’. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಆ ಗಾಡಿಗಳು ಮೊದಲ ಸಲ ಗುಂಡು ಹಾರಿಸಿದಾಗ ಗುಟ್ಟು ಬಯಲಾಯಿತು, ಹೆಸರು ಮಾತ್ರ ಅಂಟಿಕೊಂಡಿತು. ನೀರಿನ ಹೆಸರು ಹೊತ್ತುಕೊಂಡು ಬೆಂಕಿ ಉಗುಳುವ ಯಂತ್ರ ಅದು. ಟಿವಿಯಲ್ಲಿ ಯಾವುದೋ ದೇಶದ ಊರು ಉರಿಯುವುದನ್ನು ತೋರಿಸುತ್ತ ‘ಟ್ಯಾಂಕ್ ನುಗ್ಗಿತು’ ಎಂದಾಗೆಲ್ಲ ನನಗೆ ಸಂಕಟವಾಗುತ್ತದೆ. ನೀರಡಿಸಿದವರಿಗೆ ಸಂಬಂಧಿಸಿದ ಮಾತಿಗೆ ಇಂಥ ಗತಿ ಬರಬಾರದಿತ್ತು.

ಉಳಿದ ಅರ್ಥಗಳು ಇಷ್ಟು ಭಾರವಾದವಲ್ಲ. ಹಿಂದೆ ಈಜುಗೊಳಕ್ಕೂ ಟ್ಯಾಂಕ್ ಎಂದೇ ಅನ್ನುತ್ತಿದ್ದರು. ಅಲ್ಲಿ ತೊಡುವ ತೋಳಿಲ್ಲದ ಉಡುಪಿನಿಂದ ‘ಟ್ಯಾಂಕ್ ಟಾಪ್’ ಬಂತು. ಸವಣೂರಿನ ಬಟ್ಟೆ ಅಂಗಡಿಯಲ್ಲಿ ಅದನ್ನು ಕೊಳ್ಳುವ ಹುಡುಗರ ತಲೆಯಲ್ಲಿ ನೀರಿನ ವಿಚಾರ ಸುಳಿಯುವುದಿಲ್ಲ. ಶೇರು ಬಿದ್ದರೆ ‘ಟ್ಯಾಂಕ್ ಆಯಿತು’ ಅನ್ನುತ್ತಾರೆ. ಪಂಡಿತರು ಕೂಡಿ ಸರಕಾರಕ್ಕೆ ಸಲಹೆ ಕೊಡುವ ಸಂಸ್ಥೆಗೆ ‘ಥಿಂಕ್ ಟ್ಯಾಂಕ್’. ಇದನ್ನು ನಮ್ಮ ಪತ್ರಿಕೆಗಳವರು ‘ಚಿಂತಕರ ಚಾವಡಿ’ ಎಂದು ಕನ್ನಡಕ್ಕೆ ತಂದದ್ದು ನನಗೆ ಬಹಳ ಮೆಚ್ಚಿಗೆ. ತೊಟ್ಟಿ, ಹೊಂಡಗಳ ಗೊಡವೆಗೇ ಹೋಗದೆ ಊರ ಹಿರಿಯರು ಕೂಡುವ ಚಾವಡಿಯನ್ನು ನೆನೆದರಲ್ಲ, ಅದು ಭಾಷೆ ಬಲ್ಲವರ ಕೆಲಸ.

ಈಗ ಕೆರೆಯ ಕಡೆಗೆ ಬರೋಣ, ನನ್ನ ಮನಸ್ಸೆಲ್ಲ ಇರುವುದು ಅಲ್ಲಿಯೇ.

ನಮ್ಮ ನಾಲ್ಕು ಊರುಗಳನ್ನು ನೋಡಿ. ಹಿರೇಕೆರೂರಿನ ಹೆಸರಿನೊಳಗೇ ಕೆರೆ ಕೂತಿದೆ. ಅದೇ ಭಾಗದಲ್ಲಿ ಚಿಕ್ಕೇರೂರೂ ಇದೆ. ಹಿರೇಕೆರೂರಿನ ದುರ್ಗಾದೇವಿ ಕೆರೆ, ಹಾನಗಲ್ಲಿನ ಆನಿಕೆರೆ, ಶಿಗ್ಗಾವಿಗೆ ನೀರುಣಿಸುವ ನಾಗನೂರ ಕೆರೆ, ನವಾಬರಾಳಿದ ಸವಣೂರಿನ ಮೋತಿ ತಲಾಬ. ಸವಣೂರಿನವರು ಕನ್ನಡದಲ್ಲಿ ಮಾತಾಡುತ್ತಲೇ ‘ತಲಾಬ’ ಅನ್ನುತ್ತಾರೆ, ಮುತ್ತಿನ ಹೆಸರನ್ನೂ ಬಿಟ್ಟುಕೊಟ್ಟಿಲ್ಲ. ಹಿರೇಕೆರೂರಿನಿಂದ ಮಾಸೂರಿನ ಕಡೆ ಹೋದರೆ ಮದಗದ ಕೆರೆ ಸಿಗುತ್ತದೆ. ಆ ಭಾಗ ಈಗ ರಟ್ಟೀಹಳ್ಳಿ ತಾಲೂಕು. ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ಒಡ್ಡು ಹಾಕಿ ಕಟ್ಟಿದ, ವಿಜಯನಗರದ ಕಾಲದ್ದೆಂದು ಹೆಸರಾದ ಕೆರೆ ಅದು. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಬಂಡೆಗಳ ಮೇಲೆ ಧುಮುಕತೊಡಗಿದರೆ ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅದನ್ನೂ ಇಂಗ್ಲಿಷಿನಲ್ಲಿ ಟ್ಯಾಂಕ್ ಎಂದೇ ಬರೆಯಬೇಕು. ನನ್ನ ಕೈ ಓಡುವುದಿಲ್ಲ.

ಯಾಕೆಂದರೆ ಕೆರೆ ಅನ್ನುವ ಮಾತು ಒಂಟಿಯಾಗಿ ಬರುವುದಿಲ್ಲ, ತನ್ನ ಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ. ನೀರು ತಡೆಯುವ ಒಡ್ಡು ಅಥವಾ ಏರಿ, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ, ಹೊಲಕ್ಕೆ ನೀರು ಬಿಡುವ ತೂಬು, ಅಲ್ಲಿಂದ ಹೊರಡುವ ಕಾಲುವೆ, ಅದು ತೋಯಿಸುವ ಅಚ್ಚುಕಟ್ಟು, ಬೇಸಿಗೆಯಲ್ಲಿ ದನ ಮೇಯುವ ಕೆರೆಯಂಗಳ. ಹಳೆಯ ತೂಬೊಂದನ್ನು ಹತ್ತಿರದಿಂದ ನೋಡಬೇಕು. ನೀರೊಳಗಿನಿಂದ ಎದ್ದ ಎರಡು ಕಲ್ಲುಕಂಬ, ಅವಕ್ಕೆ ಅಡ್ಡ ಜೋಡಿಸಿದ ಚಪ್ಪಡಿಗಳು, ಪ್ರತಿ ಚಪ್ಪಡಿಯ ನಡುವೆ ತೂತು. ಆ ತೂತುಗಳಲ್ಲಿ ಇಳಿಬಿಟ್ಟ ಉದ್ದನೆಯ ಗಳು, ಗಳುವಿನ ತುದಿಗೆ ಮರದ ಬಿರಡೆ. ಕೆಳಗೆ ಕಲ್ಲಿನ ಕಂಡಿಗೆ ಬಿರಡೆ ಕೂತರೆ ನೀರು ಬಂದ್. ಗಳು ಎತ್ತಿದರೆ ಏರಿಯ ಹೊಟ್ಟೆಯೊಳಗಿನ ಕಲ್ಲುಗಾಲುವೆಯಲ್ಲಿ ನೀರು ಗುಡುಗುಡು ಓಡುತ್ತದೆ. ಕರೆಂಟಿಲ್ಲ, ಮೋಟರಿಲ್ಲ. ಎಷ್ಟು ಎತ್ತಬೇಕು, ಯಾರ ಹೊಲಕ್ಕೆ ಯಾವ ಪಾಳಿ ಎಂಬುದನ್ನು ಬಲ್ಲವನು ನೀರಗಂಟಿ. ಕೆರೆಯ ದುರಸ್ತಿಗೆಂದೇ ಅಚ್ಚುಕಟ್ಟಿನ ಬೆಳೆಯಲ್ಲಿ ಪಾಲು ತೆಗೆದಿಡುವ ಪದ್ಧತಿಗೆ ಶಾಸನಗಳು ‘ಬಿತ್ತುವಟ್ಟ’ ಎನ್ನುತ್ತವೆ. ಟ್ಯಾಂಕ್ ಅಂದ ಕೂಡಲೆ ಈ ಬಳಗವೆಲ್ಲ ಹೊರಗುಳಿಯುತ್ತದೆ. ಟ್ಯಾಂಕಿಗೆ ಬೇಕಾದದ್ದು ಒಂದು ಪೈಪು, ಒಂದು ವಾಲ್ವು, ಒಂದು ಮುಚ್ಚಳ.

ನೀರಗಂಟಿಯ ಹೆಸರು ಹೇಳಿದೆನಲ್ಲ, ಆ ಮಾತು ಸತ್ತಿಲ್ಲ ಎನ್ನುವುದು ನನಗೆ ದೊಡ್ಡ ಸಮಾಧಾನ. ಇವತ್ತು ಗ್ರಾಮ ಪಂಚಾಯ್ತಿಯಲ್ಲಿ ಓಣಿಓಣಿಗೆ ನಳದ ನೀರು ಬಿಡುವವನಿಗೆ ಜನ ‘ವಾಟರ್‌ಮನ್’ ಅಂದರೂ ಕಾಗದದಲ್ಲಿ ಅವನು ನೀರಗಂಟಿಯೇ. ತೂಬಿನ ಗಳು ಎತ್ತುತ್ತಿದ್ದ ಕೈ ಈಗ ವಾಲ್ವು ತಿರುಗಿಸುತ್ತದೆ, ನಸುಕಿನಲ್ಲೇ ಎದ್ದು ಮೋಟರ್ ಚಾಲೂ ಮಾಡುತ್ತದೆ. ಕೆರೆಯಿಂದ ಟಾಕಿಗೆ ಅವನು ಬಂದ, ಹೆಸರು ಅವನನ್ನು ಬಿಡಲಿಲ್ಲ.

ಟಾಕಿಯ ಮೇಲೆ ನನಗೆ ಸಿಟ್ಟಿಲ್ಲ. ತಲೆಯ ಮೇಲೆ ಕೊಡ, ಬಗಲಲ್ಲೊಂದು ಕೊಡ ಹೊತ್ತು ಮೈಲುಗಟ್ಟಲೆ ನಡೆದ ಹೆಣ್ಣುಮಕ್ಕಳ ಕುತ್ತಿಗೆ, ಸೊಂಟ ಉಳಿಸಿದ್ದು ಅದೇ. ಆದರೆ ಟಾಕಿಗೆ ನೀರು ಎಲ್ಲಿಂದ ಬರುತ್ತದೆ? ಹಾನಗಲ್ಲಿನ ನಳಕ್ಕೆ ಆನಿಕೆರೆ ಬೇಕು. ಆನಿಕೆರೆಗೆ ಧರ್ಮಾ ಕಾಲುವೆ ಬೇಕು, ಆ ಕಾಲುವೆಗೆ ಮುಂಡಗೋಡ ತಾಲೂಕಿನ ಮಳಗಿ ಹತ್ತಿರದ ಧರ್ಮಾ ಜಲಾಶಯ ಬೇಕು. ಬಾಳಂಬೀಡದಂಥ ಏತ ನೀರಾವರಿ ಯೋಜನೆಗಳಿಗೆ ಕೋಟಿಗಟ್ಟಲೆ ಸುರಿದು ಪಂಪಿನಿಂದ ವರದಾ ನದಿಯ ನೀರೆತ್ತುವುದು ಯಾತಕ್ಕೆ? ಹಳೆಯ ಕೆರೆಗಳನ್ನು ತುಂಬಿಸುವುದಕ್ಕೇ. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬೋರ್‌ವೆಲ್ ಉಸಿರಾಡುತ್ತವೆ. ಸಿಂಟೆಕ್ಸಿನಲ್ಲಿ ನೀರು ನಿಂತರೆ ನೆಲಕ್ಕೆ ಒಂದು ಹನಿಯೂ ಇಳಿಯುವುದಿಲ್ಲ. ಒಂದೇ ಹೆಸರಿನ ಎರಡು ವಸ್ತುಗಳಲ್ಲಿ ಇಷ್ಟು ಅಂತರ.

ಹೆಸರಿನ ಗೊಂದಲ ಕಾನೂನಿನವರನ್ನೂ ಬಿಟ್ಟಿಲ್ಲ. ಕೆರೆಗಳನ್ನು ಕಾಯಲೆಂದು ರಾಜ್ಯದಲ್ಲಿ 2014ರಲ್ಲಿ ಮಾಡಿದ ಪ್ರಾಧಿಕಾರದ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಮೊದಲು ‘ಲೇಕ್’ ಎಂದಿತ್ತು, ಆಮೇಲೆ ‘ಟ್ಯಾಂಕ್’ ಎಂದಾಯಿತು. ಲೇಕ್ ಅಂದರೆ ತಾನೇ ಆದ ಸರೋವರ. ಟ್ಯಾಂಕ್ ಅಂದರೆ ಮನುಷ್ಯ ಕಟ್ಟಿದ್ದು. ಎರಡಕ್ಕೂ ಕನ್ನಡದಲ್ಲಿ ನಾವು ಕೆರೆ ಎಂದೇ ಅನ್ನುತ್ತೇವೆ. ನಮ್ಮ ಮಾತು ಮೊದಲಿನಿಂದಲೂ ಸರಿಯಾಗಿತ್ತು. ‘ಕೆರೆಗೆ ಹಾರ’ ಎಂಬ ಜನಪದ ಹಾಡಿನಲ್ಲಿ ಕೆರೆಗೆ ಬಲಿಯಾದ ಭಾಗೀರಥಿಯನ್ನು ನೆನೆದು ಇಂದಿಗೂ ಹೆಣ್ಣುಮಕ್ಕಳು ಕಣ್ಣೊರೆಸಿಕೊಳ್ಳುತ್ತಾರೆಂದರೆ, ಈ ಎರಡಕ್ಷರದೊಳಗೆ ನೀರಷ್ಟೇ ಇಲ್ಲ, ಕಟ್ಟಿದವರ ಕಷ್ಟವೂ ಅನ್ಯಾಯವೂ ತುಂಬಿದೆ.

ಕೆರೆಯ ಹೆಸರು ಹೋದರೆ ಕೆರೆ ಹೋಗುವುದು ಸುಲಭ. ಕಡತದಲ್ಲಿ ಬರೀ ‘ಟ್ಯಾಂಕ್, ಸರ್ವೆ ನಂಬರ್ ಇಂತಿಷ್ಟು’ ಎಂದು ಉಳಿದ ಜಾಗ ಒತ್ತುವರಿಯಾದರೆ ಯಾರಿಗೂ ಕಳ್ಳು ಚುರುಕ್ ಅನ್ನುವುದಿಲ್ಲ. ಆನಿಕೆರೆ ಒತ್ತುವರಿಯಾಯಿತು ಅಂದರೆ ಊರೇ ಎದ್ದು ನಿಲ್ಲುತ್ತದೆ. ಆದ್ದರಿಂದ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ನಿಮ್ಮೂರಿನ ಪ್ರತಿ ಕೆರೆಯ ದಂಡೆಯ ಮೇಲೆ ಅದರ ಹೆಸರು, ವಿಸ್ತೀರ್ಣ, ಗಡಿ ಬರೆದ ಕನ್ನಡ ಫಲಕ ಹಾಕಿಸಬೇಕೆಂದು ಠರಾವು ಮಾಡಿಸಿರಿ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ ಎಂದು ಊರ ಹಿರಿಯರನ್ನು ಮಕ್ಕಳ ಜೊತೆ ಕರೆದೊಯ್ದು ತೋರಿಸಿಕೊಳ್ಳಿರಿ. ಈ ಬೇಸಿಗೆ ನೀರು ಇಳಿದಾಗಲೇ ಇದು ಆಗಬೇಕಾದ ಕೆಲಸ.